ಕಾರಿನ ಮೈಬಣ್ಣ

ಕಡಲ ಕರೆಯ ಊರುಗಳಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಮೆ. ಘಟ್ಟದ ಮೇಲಣ ಸೀಮೆಯಲ್ಲಿ ಅಜ್ಜನು ಹಿಡಿದ ಗುದ್ದಲಿಯನ್ನು ಮೊಮ್ಮಗನೂ ಹಿಡಿಯುವುದುಂಟು; ಮೂರು ಕಡೆಯಲ್ಲಿಯೂ ನೀರು ಸುತ್ತಿಕೊಂಡಿರುವ ಕುಂದಾಪುರದಂತಹ ಊರಿನಲ್ಲಾದರೋ ಕಿಟಕಿಯ ಸರಳು ಕೂಡ ಕೆಲವು ಮಳೆಗಾಲಗಳನ್ನು ಕಳೆಯುವಷ್ಟರಲ್ಲಿ ನಡು ಸಣ್ಣಗಾಗಿ, ಕೈಯಿಟ್ಟರೆ ಕೆಂಪು ಪುಡಿಯನ್ನು ಉದುರಿಸತೊಡಗುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ಕಬ್ಬಿಣವು ನೀರಿನ ಪಸೆಯೊಡನೆಯೂ ಗಾಳಿಯೊಳಗಿನ ಆಮ್ಲಜನಕದೊಡನೆಯೂ ಕೂಡಿದಾಗ ತುಕ್ಕಾಗುತ್ತದೆ. ತುಕ್ಕು ಹಿಡಿಯುವುದೆಂದರೆ ಲೋಹದ ಮೈಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಅತಿ ಸಣ್ಣದೊಂದು ವಿದ್ಯುತ್ಪ್ರವಾಹ ಹರಿಯುವುದೇ ಆಗಿದೆ. ಬರಿಯ ನೀರಿಗಿಂತ ಉಪ್ಪುನೀರು ಆ ಪ್ರವಾಹಕ್ಕೆ ಬಹಳ ಒಳ್ಳೆಯ ದಾರಿ. ಪಡುವಣ ಗಾಳಿ ಹೊತ್ತು ತರುವ ಉಪ್ಪಿನ ಕಣಗಳು ಬೇಸಗೆಯಲ್ಲಿ ಕಣ್ಣಿಗೆ ಬೀಳದೆ ಕುಳಿತಿದ್ದು, ಮೊದಲ ಮಳೆಯ ತೇವಕ್ಕೆ ಎಚ್ಚತ್ತು ತಮ್ಮ ಕೆಲಸವನ್ನು ಪ್ರಾರಂಭಿಸುತ್ತವೆ.

ಹೀಗಿರುವಲ್ಲಿ, ನಾಲ್ಕು ಗಾಲಿಗಳ ಮೇಲೆ ಓಡಾಡುವ ಒಂದು ತಗಡಿನ ಮನೆಯಂತಿರುವ ಕಾರು ಕಡಲ ಕರೆಯಲ್ಲಿ ಹತ್ತು ವರ್ಷ ಬಾಳಿತೆಂದರೆ ಅದರ ಎಂಜಿನನ್ನು ಹೊಗಳುವುದಕ್ಕಿಂತ ಅದರ ಬಣ್ಣವನ್ನು ಹೊಗಳುವುದು ಹೆಚ್ಚು ನ್ಯಾಯ. ಜನರು ಸಾಮಾನ್ಯವಾಗಿ ಬಣ್ಣವನ್ನು ಅಲಂಕಾರವೆಂದು ಎಣಿಸುತ್ತಾರೆ. ಸೀರೆಯ ಅಂಗಡಿಯಲ್ಲಿ ಸೀರೆಯನ್ನು ಆರಿಸುವಂತೆ ಕೆಂಪೊ ನೀಲಿಯೊ ಎಂದು ಆರಿಸುತ್ತಾರೆ. ಯಥಾರ್ಥವಾಗಿ ಅದು ಕವಚ. ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ ತಗಡಿನ ಮೇಲೆ, ಎಲ್ಲ ಪದರಗಳನ್ನೂ ಕೂಡಿಸಿದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು ದಪ್ಪದ ಹೊದಿಕೆ ಅದು. ಇಷ್ಟು ತೆಳ್ಳಗಿನ ಕವಚವನ್ನು ತೊಟ್ಟು ಸಮುದ್ರದೊಡನೆ ಯುದ್ಧಕ್ಕೆ ನಿಂತಿರುವ ವಸ್ತು ಮತ್ತೊಂದುಂಟೊ ಇಲ್ಲವೊ.

ಇಂತಹ ಊರಿನಲ್ಲಿ ಪ್ರೌಢಶಾಲೆಯ ಅಧ್ಯಾಪಕರಾಗಿದ್ದು ನಿವೃತ್ತರಾದ ಮಾಸ್ತರರೊಬ್ಬರ ಅಂಗಳದಲ್ಲಿ ಒಂದು ಅಂಬಾಸಡರ್ ಗಾಡಿಯಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ ಹುಟ್ಟಿ, 1957ರಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಗಾಡಿಯ ಗುಣದೋಷಗಳನ್ನು ಹೇಳಹೊರಟರೆ ಅದೇ ಒಂದು ಪುರಾಣವಾದೀತು. ಮಾಸ್ತರರದು ಹೊಸತಾಗಿ ಕೊಂಡದ್ದಲ್ಲ. ಇನ್ನೊಬ್ಬರು ಓಡಿಸಿ ಬಿಟ್ಟದ್ದು. ಅದರ ಎಡಗಡೆಯ ಮುಂದಿನ ಆಸನದಲ್ಲಿ ಕುಳಿತು ಅವರ ಪತ್ನಿ ಕೊಲ್ಲೂರಿಗೆ, ಉಡುಪಿಗೆ, ಕಡೆಕಡೆಗೆ ತಿಂಗಳಿಗೆರಡು ಬಾರಿ ಮಣಿಪಾಲಕ್ಕೆ ಹೋಗಿಬರುತ್ತಿದ್ದರು. ಆಕೆ ಈಗಿಲ್ಲ. ಗಾಡಿಯನ್ನು ಮಾರುವ ಮಾತನ್ನು ಮಕ್ಕಳು ಎರಡು ಸಲ ಎತ್ತಿ ಆಮೇಲೆ ಬಿಟ್ಟಿದ್ದಾರೆ.

ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ಹೊಸದಾಗಿಸಿಕೊಳ್ಳಬೇಕು; ಗಾಡಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಬೇಕು. ಆ ಅವಧಿ ಹತ್ತಿರವಾದಾಗ ಮಾಸ್ತರರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಡಗಡೆಯ ಮುಂಬಾಗಿಲಿನ ಕೆಳ ಅಂಚಿನಲ್ಲಿ, ಬಣ್ಣದ ಮೇಲೆ, ಸಿಡುಬಿನ ಗುಳ್ಳೆಗಳಂತೆ ನಾಲ್ಕಾರು ಉಬ್ಬುಗಳು ಕಂಡವು. ಒಂದನ್ನು ಉಗುರಿನಿಂದ ಒತ್ತಿದರು. ಅದು ಒಡೆದು ಒಳಗಿನಿಂದ ಕೆಂಪು ನೀರು ಒಸರಿತು.

ಈ ಗುಳ್ಳೆಯ ವಿಷಯದಲ್ಲಿ ತಿಳಿಯದವರು ಮಾಡುವ ತಪ್ಪು ಒಂದೇ. ರೋಗವು ಬಣ್ಣಕ್ಕೆ ಬಂದಿದೆಯೆಂದು ಅವರು ತಿಳಿಯುತ್ತಾರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುತ್ತದೆ. ಆ ಜಾಗಕ್ಕಾಗಿ ಮೇಲಿನ ಬಣ್ಣವನ್ನು ಎತ್ತುತ್ತದೆ. ಗುಳ್ಳೆ ಹೊರಗೆ ಕಾಣುವಷ್ಟರಲ್ಲಿ ಒಳಗಿನ ಕೆಲಸ ಮುಕ್ಕಾಲು ಮುಗಿದಿರುತ್ತದೆ. ಬಾಗಿಲಿನ ಗಾಜಿನ ಸಂದಿನಿಂದ ಒಳಕ್ಕಿಳಿಯುವ ಮಳೆನೀರು ಹೊರಕ್ಕೆ ಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಧೂಳೂ ತರಗೆಲೆಯೂ ಸೇರಿ ಆ ತೂತುಗಳು ಮುಚ್ಚಿಕೊಂಡರೆ ಬಾಗಿಲು ಒಂದು ತೊಟ್ಟಿಯಾಗುತ್ತದೆ. ನೂರು ಕಾರುಗಳ ಬಾಗಿಲು ಕೆಟ್ಟಿದ್ದರೆ ಅವುಗಳಲ್ಲಿ ಹೆಚ್ಚಿನವು ಒಳಗಿನಿಂದ ಕೆಟ್ಟವೇ ಹೊರತು ಹೊರಗಿನಿಂದಲ್ಲ.

ಹೆದ್ದಾರಿಯ ಬದಿಯಲ್ಲಿ ತಗಡಿನ ಮಾಡು ಹೊದಿಸಿದ ಒಂದು ಶೆಡ್ಡಿನಲ್ಲಿ ಮಾಸ್ತರರ ಹಳೆಯ ವಿದ್ಯಾರ್ಥಿಯೊಬ್ಬನು ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಎಂಟನೆಯ ತರಗತಿಯ ನಡುವಿನಲ್ಲಿ ಶಾಲೆಯನ್ನು ಬಿಟ್ಟವನು. ಲೆಕ್ಕದಲ್ಲಿ ಸೊನ್ನೆ ತೆಗೆದುಕೊಂಡಿದ್ದ ಈ ಹುಡುಗನೇ ಇಂದು ಯಾವ ಬಣ್ಣದ ಚೂರನ್ನು ತೋರಿಸಿದರೂ ಬಿಳಿಗೆ ಎಷ್ಟು ಹನಿ ಕಪ್ಪು, ಎಷ್ಟು ಹನಿ ಹಳದಿ ಎಂದು ತಪ್ಪದೆ ಹೇಳುವುದನ್ನು ಕಂಡು ಮಾಸ್ತರರಿಗೆ ತಮ್ಮ ಪ್ರಶ್ನಪತ್ರಿಕೆಗಳ ವಿಷಯದಲ್ಲಿ ಸ್ವಲ್ಪ ಸಂದೇಹ ಬಂದದ್ದುಂಟು. ಆತನು ಗಾಡಿಯ ಸುತ್ತ ಮಾತಿಲ್ಲದೆ ನಡೆದು, ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ಅಲ್ಲಲ್ಲಿ ಇಟ್ಟು ನೋಡಿದನು. ಹಿಂದಿನ ಬಲ ಮಡ್ಗಾರ್ಡಿನಲ್ಲಿ ಅದು ನಿಲ್ಲದೆ ಜಾರಿ ಬಿತ್ತು.

"ಇಲ್ಲಿ ತಗಡಿಲ್ಲ ಮಾಷ್ಟ್ರೇ, ಪುಟ್ಟಿ ಮಾತ್ರ ಉಂಟು" ಎಂದನು.

ಪುಟ್ಟಿಯೆಂಬುದು ಕೆಟ್ಟ ಪದಾರ್ಥವಲ್ಲ. ಸುತ್ತಿಗೆಯಿಂದ ಸಮಮಾಡಿದ ತಗಡಿನಲ್ಲಿ ಉಳಿಯುವ ಸಣ್ಣ ತಗ್ಗುಗಳನ್ನು ತುಂಬುವುದಕ್ಕೆ ಅದು ಬೇಕೇ ಬೇಕು. ಆದರೆ ತಗಡೇ ಇಲ್ಲದೆಡೆಯಲ್ಲಿ ತಗಡಿನ ವೇಷವನ್ನು ಹಾಕಿಸಿದರೆ ಅದು ಎಷ್ಟು ದಿನ ಆಡೀತು? ಪುಟ್ಟಿಯು ತೇವವನ್ನು ಹೀರುತ್ತದೆ. ಹೀರಿದುದನ್ನು ಬೆನ್ನಿಗಿರುವ ಕಬ್ಬಿಣಕ್ಕೆ ಕೊಡುತ್ತದೆ. ಮೇಲೆ ಕನ್ನಡಿಯಂತಹ ಹೊಳಪು, ಕೆಳಗೆ ಗೆದ್ದಲು ತಿಂದ ಹುತ್ತ. ಇಂತಹ ಗಾಡಿಯನ್ನು ತೊಳೆದು ನಿಲ್ಲಿಸಿ ಮಾರಿದವನು ಒಂದು ವರ್ಷ ನಗುತ್ತಾನೆ. ಕೊಂಡವನು ಎರಡನೆಯ ಮಳೆಗಾಲಕ್ಕೆ ಅಳುತ್ತಾನೆ. ಮಾಸ್ತರರಿಗೆ ಈ ಗಾಡಿಯನ್ನು ಮಾರಿದವರು, ಇದು ಎಲ್ಲಿಯೂ ಗುದ್ದಿದ್ದಲ್ಲವೆಂದು ದೇವರ ಮೇಲೆ ಆಣೆಯಿಟ್ಟು ಹೇಳಿದ್ದರು. ಕೆರೆದಾಗ ಹೊರಟ ಪುಟ್ಟಿ ಎರಡು ಬೆರಳ ದಪ್ಪವಿತ್ತು.

ಕೆರೆಯುವುದೇ ಈ ಉದ್ಯೋಗದ ಮೊದಲ ಅಧ್ಯಾಯ. ಮತ್ತು ಹಣ ಕೊಡುವವನು ಎಂದೂ ನೋಡದ ಅಧ್ಯಾಯ. ಹಳೆಯ ಬಣ್ಣದ ಅಂಚನ್ನು ಉಪ್ಪುಕಾಗದದಿಂದ ಇಳಿಜಾರಾಗಿ ತಿಕ್ಕುತ್ತ ಹೋದರೆ, ಮರದ ದಿಮ್ಮಿಯನ್ನು ಕೊಯ್ದಾಗ ಉಂಗುರಗಳು ಕಾಣುವಂತೆ ಒಂದರ ಸುತ್ತ ಒಂದು ಬಣ್ಣದ ಉಂಗುರಗಳು ತೆರೆದುಕೊಳ್ಳುತ್ತವೆ. ಮಾಸ್ತರರ ಗಾಡಿಯಲ್ಲಿ ಮೇಲೆ ಅವರೇ ಹೊಡೆಸಿದ್ದ ತಿಳಿನೀಲಿ; ಅದರ ಕೆಳಗೆ ಬೂದುಬಣ್ಣದ ಅಸ್ತರಿ; ಅದರ ಕೆಳಗೆ ಕಪ್ಪು; ಮಾಡಿನ ಮೇಲಾದರೆ ಆ ಕಪ್ಪಿನ ಜಾಗದಲ್ಲಿ ಹಳದಿ. ಅಂದಮೇಲೆ ಗಾಡಿಯು ಒಂದು ಕಾಲದಲ್ಲಿ ಬಾಡಿಗೆಯ ಟ್ಯಾಕ್ಸಿಯಾಗಿತ್ತು. ಎಲ್ಲಕ್ಕಿಂತ ಅಡಿಯಲ್ಲಿ, ಕಾರಖಾನೆಯಿಂದ ಬಂದ ಕೆನೆಬಣ್ಣ. ಮಾರಿದವರು ಹೇಳದೆ ಬಿಟ್ಟ ಚರಿತ್ರೆಯನ್ನು ಒಂದು ಅಂಗೈಯಗಲದ ಜಾಗವು ಹೇಳಿಬಿಟ್ಟಿತು. ಇಂತಹ ಹಳೆಯ ಪದರಗಳನ್ನು ಒಣಗಿಲ್ಲಿ ತಿಕ್ಕಬಾರದು. ಹಿಂದಿನ ಕಾಲದ ಹಳದಿ ಕೆಂಪು ಬಣ್ಣಗಳಲ್ಲಿ ಸೀಸ ಬೆರೆತಿರುವುದುಂಟು, ಅದರ ಧೂಳು ಮೈಗೆ ವಿಷ.

ಎಡಬಾಗಿಲಿನ ವಿಷಯದಲ್ಲಿ ಸ್ವಲ್ಪ ಮಾತು ನಡೆಯಿತು. ಅದರ ಕೆಳಗಿನ ನಾಲ್ಕು ಬೆರಳಗಲ ಹಪ್ಪಳವಾಗಿತ್ತು. ಗುಜರಿಯಿಂದ ಬೇರೊಂದು ಬಾಗಿಲನ್ನು ತಂದು ತೂಗುಹಾಕಿದರೆ ಕೆಲಸವೂ ಕಡಮೆ, ಹಣವೂ ಕಡಮೆ ಎಂದು ಆತನು ಲೆಕ್ಕ ಹೇಳಿದನು. ಮಾಸ್ತರರು ಆ ಬಾಗಿಲೇ ಇರಲಿ ಎಂದರು. ಏಕೆಂದು ಆತನು ಕೇಳಲಿಲ್ಲ. ಕೊಳೆತ ಪಟ್ಟಿಯನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಅದೇ ಬಾಗಿಗೆ ಬಡಿದು, ಬೆಸುಗೆ ಹಾಕಿಸಿದನು. ಬೆಸುಗೆಯ ಕಾವಿಗೆ ತಗಡು ಸೊಟ್ಟಗಾಗದಂತೆ ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಹಾಕುತ್ತ, ನಡುನಡುವೆ ಒದ್ದೆ ಬಟ್ಟೆಯನ್ನು ಒತ್ತುತ್ತ ಒಂದು ಪೂರ್ತಿ ದಿನ ಹಿಡಿಯಿತು.

ಬೆತ್ತಲೆಯಾದ ಕಬ್ಬಿಣದ ಮೇಲೆ ಮೊದಲು ಬಳಿಯುವುದು ಕೆಂಪು ಅಸ್ತರಿಯನ್ನು. ಇದರಲ್ಲಿ ಒಂದು ವಿನೋದವಿದೆ. ಈ ಕೆಂಪು ಎಲ್ಲಿಂದ ಬಂದಿತೆಂದು ವಿಚಾರಿಸಿದರೆ ಅದು ಕಬ್ಬಿಣದ ಆಕ್ಸೈಡು. ಕರಾವಳಿಯ ಗುಡಿಗಳ ಗೋಡೆಯ ಮೇಲೆ ಚಿತ್ರ ಬಿಡಿಸುವ ಕಾವಿಗೂ, ಹಿತ್ತಿಲಿನ ಕೆಮ್ಮಣ್ಣಿಗೂ, ತುಕ್ಕಿಗೂ ಅದು ಒಂದೇ ವಂಶದ್ದು. ಈಗಾಗಲೇ ಆಮ್ಲಜನಕವನ್ನು ಉಂಡು ತೃಪ್ತವಾಗಿರುವುದರಿಂದ ಅದು ಇನ್ನು ಕೆಡಲಾರದು. ಕಳ್ಳನ ದಾಯಾದಿಯನ್ನೇ ಕಾವಲಿಗೆ ನಿಲ್ಲಿಸುವ ಈ ಉಪಾಯವನ್ನು ಮೊದಲು ಕಂಡವನು ಲೋಕವನ್ನು ಬಲ್ಲವನಾಗಿರಬೇಕು. ಈಚಿನ ಕಾರಖಾನೆಗಳಲ್ಲಿ ಗಾಡಿಯ ಇಡಿಯ ಒಡಲನ್ನೇ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಹರಿಸಿ, ಕೈ ಹೋಗದ ಸಂದುಗಳಿಗೂ ಅಸ್ತರಿ ಹತ್ತುವಂತೆ ಮಾಡುತ್ತಾರೆ. ಅಮೆರಿಕದ ಫೋರ್ಡ್ ಕಾರಖಾನೆಯಲ್ಲಿ 1960ರ ದಶಕದಲ್ಲಿ ಬಳಕೆಗೆ ಬಂದ ಪದ್ಧತಿ ಅದು; ಅಂಬಾಸಡರಿನ ಅಚ್ಚು ಅದಕ್ಕಿಂತ ಹಳೆಯದು.

ಅಸ್ತರಿಯ ಮೇಲೆ ತೆಳ್ಳಗೆ ಪುಟ್ಟಿ. ಪುಟ್ಟಿಯ ಮೇಲೆ ಸರ್ಫೇಸರ್ ಎಂಬ ಬೂದುಬಣ್ಣದ ಲೇಪ. ಪ್ರತಿಯೊಂದರ ಮೇಲೆಯೂ ತಿಕ್ಕುವುದು, ತಿಕ್ಕುವುದು, ಮತ್ತೆ ತಿಕ್ಕುವುದು. 80ನೆಯ ನಂಬರಿನ ಒರಟು ಕಾಗದದಿಂದ ಹೊರಟು 220, 400, 800 ಎಂದು ನುಣುಪಿನ ಮೆಟ್ಟಲುಗಳನ್ನು ಏರಬೇಕು. ಒಂದು ಮೆಟ್ಟಲನ್ನು ಹಾರಿದರೆ ಹಿಂದಿನ ಕಾಗದದ ಗೀರುಗಳು ಮೇಲಿನ ಬಣ್ಣ ಒಣಗಿದ ಮೇಲೆ ಮೇಲೆದ್ದು ಸಾಕ್ಷಿ ಹೇಳುತ್ತವೆ. ಈ ಕೆಲಸದಲ್ಲಿ ಕಣ್ಣು ನಂಬಿಕೆಗೆ ಅರ್ಹವಲ್ಲ. ಬೂದು ಲೇಪದಲ್ಲಿ ಎಲ್ಲವೂ ಸಮವೆಂದೇ ಕಾಣುತ್ತದೆ. ಆತನು ಕಣ್ಣನ್ನು ಮುಚ್ಚಿ, ಒದ್ದೆಯಾದ ತಗಡಿನ ಮೇಲೆ ಅಂಗೈಯನ್ನು ನಿಧಾನವಾಗಿ ಎಳೆಯುತ್ತಾನೆ. ವೈದ್ಯನು ನಾಡಿಯನ್ನು ನೋಡುವಂತೆ. ಕೈ ಒಂದೆಡೆ ನಿಲ್ಲುತ್ತದೆ. ಅಲ್ಲಿ ಇನ್ನೊಮ್ಮೆ ತಿಕ್ಕಬೇಕು.

ನೀರು ಹಾಕಿ ತಿಕ್ಕುವ ಈ ಕಾಗದಕ್ಕೆ ಒಂದು ಕಥೆಯಿದೆ. ಹಿಂದೆ ಕಾರಿನ ಬಣ್ಣವನ್ನು ಒಣಗಿಲ್ಲಿಯೇ ತಿಕ್ಕುತ್ತಿದ್ದರು. ಕಾರಖಾನೆಗಳಲ್ಲಿ ಏಳುವ ಧೂಳನ್ನು ಕೆಲಸಗಾರರು ಉಸಿರಾಡುತ್ತಿದ್ದರು. ಫಿಲಡೆಲ್ಫಿಯಾದಲ್ಲಿ ಶಾಯಿಯನ್ನು ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ ಎಂಬಾತನು ನೀರಿನಲ್ಲಿ ನೆನೆದರೂ ಬಿಚ್ಚಿಕೊಳ್ಳದ ಕಾಗದವನ್ನು ಕಂಡುಹಿಡಿದನು. 1921ರಲ್ಲಿ ಮಿನೆಸೋಟಾದ 3ಎಂ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಹೊಳಪು ಹೆಚ್ಚಿತು, ಧೂಳೂ ಅಡಗಿತು. ಅದೇ ಕಂಪನಿಯ ರಿಚರ್ಡ್ ಡ್ರೂ ಎಂಬ ತರುಣನು ಈ ಕಾಗದದ ಮಾದರಿಗಳನ್ನು ಬಣ್ಣದ ಶೆಡ್ಡುಗಳಿಗೆ ಕೊಂಡೊಯ್ಯುತ್ತಿದ್ದಾಗ, ಎರಡು ಬಣ್ಣದ ಗಾಡಿಗೆ ಅಂಟಿಸಿದ್ದ ಪತ್ರಿಕೆಯ ಹಾಳೆಯನ್ನು ಕೀಳುವಾಗ ಬಣ್ಣವೂ ಕಿತ್ತುಬಂದು ಕೆಲಸಗಾರರು ಶಪಿಸುವುದನ್ನು ಕೇಳಿದನಂತೆ. 1925ರಲ್ಲಿ ಬಂದ ಮಾಸ್ಕಿಂಗ್ ಟೇಪು ಆ ಶಾಪದ ಫಲ.

ಇನ್ನು ಬಣ್ಣ. ಮೋಟಾರು ಗಾಡಿಯ ಬಾಲ್ಯದಲ್ಲಿ ಕುದುರೆಗಾಡಿಗೆ ಹಚ್ಚುವಂತೆಯೇ ಎಣ್ಣೆಯ ಬಣ್ಣವನ್ನೂ ವಾರ್ನಿಷನ್ನೂ ಪದರ ಪದರವಾಗಿ ಹಚ್ಚಿ ವಾರಗಟ್ಟಲೆ ಒಣಗಿಸಬೇಕಾಗಿತ್ತು. ಫೋರ್ಡರ ಟಿ ಮಾದರಿಯ ಗಾಡಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರವೇ ಹೊರಬಂದದ್ದು ಎಲ್ಲರೂ ಬಲ್ಲ ಸಂಗತಿ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಸಿಡಿಮದ್ದಿಗಾಗಿ ಹತ್ತಿಯನ್ನು ಹದಮಾಡುತ್ತಿದ್ದ ಡ್ಯೂಪಾಂಟ್ ಕಂಪನಿಯು ಅದೇ ಜಾತಿಯ ನೈಟ್ರೊಸೆಲ್ಯುಲೋಸಿನಿಂದ ಗಂಟೆಗಳಲ್ಲಿ ಒಣಗುವ ಬಣ್ಣವನ್ನು ಮಾಡಿತು. 1924ರ ಮಾದರಿಯ ಓಕ್ಲೆಂಡ್ ಗಾಡಿಯು ಅದನ್ನು ತೊಟ್ಟು ನೀಲಿಯಾಗಿ ಹೊರಟಿತು. ಆ ಬಣ್ಣಕ್ಕೆ ಕಂಪನಿಯಿಟ್ಟ ಹೆಸರು ಡ್ಯೂಕೋ. ಇಂದಿಗೂ ನಮ್ಮ ಊರುಗಳಲ್ಲಿ ಯಾವ ಕಂಪನಿಯ ಡಬ್ಬಿಯಾದರೂ ಈ ಜಾತಿಯ ಬಣ್ಣವು ಡ್ಯೂಕೋ ಪೇಂಟೇ. ಬಡಗಿಯೂ ಅದನ್ನೇ ಹೇಳುತ್ತಾನೆ. ಇಂತಹ ಬಣ್ಣಕ್ಕೆ ಲ್ಯಾಕರ್ ಎಂಬ ಜಾತಿವಾಚಕವೂ ಇದೆ. ಆ ಮಾತು ನಮ್ಮ ಲಾಕ್ಷಾ ಶಬ್ದವೇ ಹಡಗು ಹತ್ತಿ ಹೋಗಿ ಮರಳಿ ಬಂದದ್ದು. ಬೆಂಕಿಯ ಸ್ನೇಹವನ್ನಂತೂ ಅದು ಬಿಟ್ಟಿಲ್ಲ. ಪಾಂಡವರಿಗೆ ಅರಗಿನ ಮನೆಯನ್ನು ಕಟ್ಟಿಸಿದ ಪುರೋಚನನಿಗೆ ಒಂದು ಬಣ್ಣದ ಶೆಡ್ಡು ಸಿಕ್ಕಿದ್ದರೆ ಅಷ್ಟು ಶ್ರಮ ಬೀಳುತ್ತಿರಲಿಲ್ಲ.

ಬಣ್ಣವನ್ನು ಎರಚುವ ಗನ್ನಿನ ಹುಟ್ಟು ಇದಕ್ಕಿಂತಲೂ ವಿಚಿತ್ರವಾದದ್ದು. ಅಮೆರಿಕದ ಟೊಲೀಡೊ ನಗರದ ವೈದ್ಯ ಆಲನ್ ಡಿವಿಲ್ಬಿಸ್ ಎಂಬುವರು ರೋಗಿಗಳ ಗಂಟಲಿಗೆ ಔಷಧಿಯನ್ನು ತುಂತುರಾಗಿ ಸಿಂಪಡಿಸುವ ಒಂದು ಸಾಧನವನ್ನು ಮಾಡಿ, 1888ರಲ್ಲಿ ಅದನ್ನು ತಯಾರಿಸುವ ಕಾರ್ಯಾಲಯವನ್ನು ತೆರೆದರು. ಅವರ ಮಗ ಥಾಮಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದೇ ತತ್ತ್ವವನ್ನು ಬಣ್ಣಕ್ಕೆ ಹೊಂದಿಸಿದನು. ಗಂಟಲನ್ನು ಕಾಪಾಡುವುದಕ್ಕೆಂದು ಹುಟ್ಟಿದ ತುಂತುರು ಹೀಗೆ ತಗಡಿನ ಮೇಲೆ ಹೋಗಿ ಕುಳಿತಿತು. ತಗಡಿನ ಮೇಲೆ ಕುಳಿತು ಮಿಕ್ಕದ್ದು ಮರಳಿ ಗಂಟಲಿಗೇ ಬಂದಿತು, ಆದರೆ ಔಷಧಿಯಾಗಿ ಅಲ್ಲ.

ಮಾಸ್ತರರ ಮಗನು ಬೆಂಗಳೂರಿನಿಂದ ದೂರವಾಣಿಯಲ್ಲಿ ಹೇಳಿದ್ದು, ಪಿಯು ಬಣ್ಣವನ್ನೇ ಹೊಡೆಸಬೇಕು, ಹೊಳಪು ಹತ್ತು ವರ್ಷ ಮಾಸದು ಎಂದು. ಅದು ಸುಳ್ಳಲ್ಲ. ಡ್ಯೂಕೋ ಒಣಗುವುದು ಅದರೊಳಗಿನ ತಿನ್ನರ್ ಆರಿಹೋಗುವುದರಿಂದ. ಆದ್ದರಿಂದ ಮತ್ತೆ ತಿನ್ನರ್ ಹಾಕಿದರೆ ಕರಗುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಪಿಯು ಎಂಬುದು ಎರಡು ಡಬ್ಬಿಗಳ ಬಣ್ಣ. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡ್‌ನರ್. ಎರಡೂ ಬೆರೆತಾಗ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆಮೇಲೆ ಬಿಸಿಲು, ಮಳೆ, ತಿನ್ನರ್ ಯಾವುದಕ್ಕೂ ಬೇಗ ಜಗ್ಗುವುದಿಲ್ಲ. ಆ ಎರಡನೆಯ ಡಬ್ಬಿಯಲ್ಲಿರುವುದು ಐಸೊಸಯನೇಟ್ ಎಂಬ ದ್ರವ್ಯ.

ಮಾಸ್ತರರು ಪಿಯು ಬಣ್ಣವನ್ನು ಹೇಳಿದಾಗ ಆತನು ಆಗಲಿ ಎಂದನು. ಎಂದವನು ಶೆಡ್ಡಿನ ಹುಡುಗನ ಕಡೆಗೆ ತಿರುಗಿ, ನಾಳೆಯ ಮರುದಿನ ನೀನು ಬರುವುದು ಬೇಡ ಎಂದನು. ಮಾಸ್ತರರು ಏಕೆಂದು ಕೇಳಿದರು. ಆತನು ಹೇಳಲಿಚ್ಛಿಸದೆ ಸ್ವಲ್ಪ ಹೊತ್ತು ಕಾಗದವನ್ನು ನೀರಿನಲ್ಲಿ ಅದ್ದುತ್ತ ಇದ್ದನು.

"ಅದರ ಗಾಳಿ ಒಳ್ಳೇದಲ್ಲ ಮಾಷ್ಟ್ರೇ. ಹೊಡೆಯುವಾಗ ಎಂತದೂ ಆಗುವುದಿಲ್ಲ. ರಾತ್ರಿ ಮಲಗಿದ ಮೇಲೆ ಎದೆ ಕಟ್ಟುತ್ತದೆ. ನನಗೆ ಕೆಲಸ ಕಲಿಸಿದವರು ಐವತ್ತಕ್ಕೆ ಮೆಟ್ಟಲು ಹತ್ತಲಾರದೆ ಕುಳಿತುಬಿಟ್ಟರು. ಈ ಹುಡುಗನಿಗೆ ಇನ್ನೂ ಹತ್ತೊಂಬತ್ತು."

"ನಿನಗೆ?"

"ನನಗೆ ಅಭ್ಯಾಸ ಆಗಿದೆ."

ಇದಕ್ಕೆ ಅಭ್ಯಾಸವೆಂಬುದಿಲ್ಲ. ವೈದ್ಯಶಾಸ್ತ್ರ ಹೇಳುವುದು ಇದರ ವಿರುದ್ಧವಾದದ್ದನ್ನು. ಆ ದ್ರವ್ಯದ ತುಂತುರನ್ನು ಉಸಿರಾಡುತ್ತ ಹೋದವರಲ್ಲಿ ಕೆಲವರ ಶ್ವಾಸಕೋಶವು ಒಂದು ದಿನ ಅದನ್ನು ಶತ್ರುವೆಂದು ಗುರುತು ಹಿಡಿಯುತ್ತದೆ; ಅಲ್ಲಿಂದ ಮುಂದೆ ಅತ್ಯಲ್ಪವಾದ ಅಂಶವೂ ಉಬ್ಬಸವನ್ನು ಎಬ್ಬಿಸಬಲ್ಲದು. ಹೊಡೆದದ್ದು ಹಗಲಾದರೂ ಕೆಮ್ಮು ರಾತ್ರಿ ಬರುವುದುಂಟು. ಆದಕಾರಣ ಕಾರ್ಯಕಾರಣಗಳ ನಂಟು ಬಹುಕಾಲ ಹೊಳೆಯುವುದಿಲ್ಲ. ಮೂಗು ಎಚ್ಚರಿಸುತ್ತದೆಂದು ನಂಬುವ ಹಾಗಿಲ್ಲ. ವಾಸನೆ ತಿಳಿಯುವುದಕ್ಕೆ ಮುಂಚೆಯೇ ಅಪಾಯದ ಮಟ್ಟವು ದಾಟಿರಬಹುದು. ಕಣ್ಣಿಗೆ ಶೆಡ್ಡು ತಿಳಿಯಾಗಿ ಕಂಡ ಮೇಲೆಯೂ ತುಂತುರು ಗಾಳಿಯಲ್ಲಿ ನಿಂತಿರುತ್ತದೆ. ಬಾಯಿಗೆ ಕಟ್ಟುವ ಬಟ್ಟೆ ಇದಕ್ಕೆ ಏನೂ ಅಲ್ಲ. ಬೇಕಾದದ್ದು, ಬೇರೆಡೆಯ ಶುದ್ಧವಾದ ಗಾಳಿಯನ್ನು ಕೊಳವೆಯ ಮೂಲಕ ಮುಖಕ್ಕೆ ತಂದುಕೊಡುವ ಮುಸುಕು. ಬೇಕಾದದ್ದು ಗಾಳಿಯನ್ನು ಎಳೆದು ಹೊರಹಾಕುವ ಮುಚ್ಚಿದ ಕೋಣೆ. ದೊಡ್ಡ ಕಂಪನಿಗಳ ಕಾರ್ಯಾಗಾರಗಳಲ್ಲಿ ಇವು ಇರುತ್ತವೆ. ಹೆದ್ದಾರಿಯ ಬದಿಯ ಶೆಡ್ಡಿನಲ್ಲಿ ಮೊಳೆಗೆ ತೂಗುಹಾಕಿದ ಒಂದು ಕರವಸ್ತ್ರ ಇರುತ್ತದೆ. ಎರಡು ಶೆಡ್ಡುಗಳಿಂದಲೂ ಹೊರಬರುವ ಹೊಳಪು ಮಾತ್ರ ಹೆಚ್ಚುಕಡಮೆ ಒಂದೇ.

ಮಾಸ್ತರರು ಆ ದಿನ ಮನೆಗೆ ಹೋಗಿ ಮರುದಿನ ಬಂದು, ಡ್ಯೂಕೋ ಸಾಕು ಎಂದರು. ತನ್ನ ಕೆಲಸದ ಮೇಲೆ ನಂಬಿಕೆ ಹೋಯಿತೆಂದು ಆತನು ಮೊದಲು ಬೇಸರಪಟ್ಟನು. ಆಮೇಲೆ ಕಾರಣವು ತಿಳಿದಾಗ ನಕ್ಕನು.

"ನಿಮ್ಮದೊಂದು ಬಿಟ್ಟರೆ ಆಯಿತೇ ಮಾಷ್ಟ್ರೇ? ತಿಂಗಳಿಗೆ ಆರು ಗಾಡಿ ಅದಕ್ಕೇ ಬರುತ್ತವೆ. ಬೇಡ ಅಂದರೆ ಪಕ್ಕದ ಶೆಡ್ಡಿಗೆ ಹೋಗುತ್ತವೆ."

ಮಾಸ್ತರರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರ ತೀರ್ಮಾನವಂತೂ ಬದಲಾಗಲಿಲ್ಲ. ಡ್ಯೂಕೋ ಅಮೃತವೇನೂ ಅಲ್ಲ. ಅದರ ತಿನ್ನರಿನ ಆವಿ ತಲೆಯನ್ನು ತಿರುಗಿಸುತ್ತದೆ, ಶೆಡ್ಡಿನಲ್ಲಿ ಬೀಡಿ ಹಚ್ಚಿದರೆ ಸುಡುತ್ತದೆ. ಎರಡು ಕೇಡುಗಳಲ್ಲಿ ಅದು ಕಿರಿದು, ಅಷ್ಟೆ.

ಕಾಲವೂ ಅನುಕೂಲವಾಗಿತ್ತು. ಮಳೆಗಾಲದಲ್ಲಿ ಡ್ಯೂಕೋ ಹೊಡೆಯುವುದು ಕರಾವಳಿಯಲ್ಲಿ ಒಂದು ಕಷ್ಟ. ತಿನ್ನರ್ ಬೇಗ ಆರುವಾಗ ತಗಡಿನ ಮೈ ತಣ್ಣಗಾಗುತ್ತದೆ. ತೇವ ತುಂಬಿದ ಗಾಳಿಯು ಆ ತಂಪಿನ ಮೇಲೆ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಬಿದ್ದು, ಗಾಡಿಗೆ ವಿಭೂತಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಆಟಿ ತಿಂಗಳಲ್ಲಿ ಬಣ್ಣ ಹೊಡೆಸಿಕೊಂಡವರ ಗಾಡಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಇದು ಮಾಘಮಾಸ, ಬೆಳಗಿನ ಇಬ್ಬನಿ ಆರಿ, ಮಧ್ಯಾಹ್ನದ ಗಾಳಿ ಧೂಳನ್ನು ಎಬ್ಬಿಸುವುದಕ್ಕೆ ಮುಂಚಿನ ಎರಡು ಗಂಟೆಗಳ ಕಾಲ ಆತನದು. ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಕೂರಿಸಿ, ತಗಡಿನಿಂದ ಒಂದು ಗೇಣು ದೂರದಲ್ಲಿ ಗನ್ನನ್ನು ಹಿಡಿದು, ಮಣಿಕಟ್ಟನ್ನು ತಿರುಗಿಸದೆ ತೋಳನ್ನೇ ಅತ್ತಿತ್ತ ಸಮನಾಗಿ ಸಾಗಿಸುತ್ತ ತೆಳ್ಳಗಿನ ಪದರಗಳನ್ನು ಹಾಕಿದನು. ಹತ್ತಿರ ಹಿಡಿದರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ದೂರ ಹಿಡಿದರೆ ಕಿತ್ತಳೆಯ ಸಿಪ್ಪೆಯಂತೆ ಒರಟಾಗುತ್ತದೆ. ಬಣ್ಣ ಯಾವುದೆಂಬ ಚರ್ಚೆ ನಡೆಯಲಿಲ್ಲ. ನೋಂದಣಿಯ ಪತ್ರದಲ್ಲಿ ನೀಲಿ ಎಂದಿದೆ, ಬೇರೆ ಮಾಡಿದರೆ ಅಲ್ಲಿಯೂ ಬದಲಾಯಿಸಿಕೊಳ್ಳಬೇಕು. ತಿಳಿನೀಲಿಯೇ ಆಯಿತು. ಹೊಡೆದಾಗ ಡ್ಯೂಕೋ ಹೊಳೆ ದಂಡೆಯ ಕಲ್ಲಿನಂತೆ ಮಂಕಾಗಿರುತ್ತದೆ; ಹೊಳಪು ಬರುವುದು ಆಮೇಲಿನ ಉಜ್ಜಾಟದಿಂದ. ಮೂರು ದಿನ ಆ ಹುಡುಗನೂ ಆತನೂ ಉಜ್ಜಿದರು. ಹುಡುಗನಿಗೆ ರಜೆ ಕೊಡುವ ಪ್ರಸಂಗ ಈ ಗಾಡಿಯಲ್ಲಿ ಬರಲಿಲ್ಲ.

ಗಾಡಿಯನ್ನು ಒಪ್ಪಿಸುವಾಗ ಆತನು ಹೇಳಿದ ಪಥ್ಯವನ್ನು ಕಾರುಳ್ಳ ಯಾರಾದರೂ ಕೇಳಬಹುದು. ಒಂದು ತಿಂಗಳವರೆಗೆ ಮೇಣದ ಪಾಲಿಷು ಬೇಡ. ಬಣ್ಣದೊಳಗಿನ ಆವಿ ಹೊರಗೆ ಹೋಗಬೇಕು. ಒಣಬಟ್ಟೆಯಿಂದ ಧೂಳನ್ನು ಒರಸುವುದೆಂದರೆ ಮರಳಿನಿಂದ ಕನ್ನಡಿಯನ್ನು ತಿಕ್ಕಿದಂತೆ. ಮೊದಲು ನೀರು ಹೊಯ್ದು ಧೂಳನ್ನು ಹರಿಸಬೇಕು. ಸೀಮೆಯೆಣ್ಣೆ ಡೀಸಲುಗಳಿಂದ ಒರಸಿದರೆ ಆ ಗಂಟೆಗೆ ಹೊಳೆಯುತ್ತದೆ, ಸಂಜೆಗೆ ಊರಿನ ಧೂಳೆಲ್ಲ ಅದಕ್ಕೆ ಅಂಟುತ್ತದೆ. ಹಕ್ಕಿಯ ಹಿಕ್ಕೆ ಬಿದ್ದರೆ ಬಿಸಿಲಿಗೆ ಒಣಗುವ ಮುಂಚೆ ತೊಳೆಯಬೇಕು. ಅದರ ಹುಳಿ ಬಣ್ಣವನ್ನು ತಿನ್ನುತ್ತದೆ. ಕಡಲ ದಂಡೆಗೆ ಹೋಗಿ ಬಂದ ದಿನ ಗಾಡಿಯ ಹೊಟ್ಟೆಯ ಅಡಿಗೂ ಸಿಹಿನೀರು ಬೀಳಬೇಕು. ಜನರು ಮೇಲೆ ತೊಳೆಯುತ್ತಾರೆ, ಉಪ್ಪು ಕೆಳಗೆ ಕುಳಿತಿರುತ್ತದೆ. ಒದ್ದೆ ಗಾಡಿಗೆ ಹೊದಿಕೆ ಹಾಕುವುದು ಜ್ವರದವನಿಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಆಯುಧಪೂಜೆಯ ದಿನ ಬಾನೆಟ್ಟಿಗೆ ಅರಸಿನ ಕುಂಕುಮಗಳನ್ನು ಕಲಸಿ ಹಚ್ಚಿ ದೀಪಾವಳಿಯವರೆಗೂ ಬಿಡುವುದುಂಟು. ಭಕ್ತಿಗೆ ಅಡ್ಡಿಯಿಲ್ಲ, ಗಾಜಿನ ಮೇಲೆ ಹಚ್ಚಿದರೂ ದೇವರಿಗೆ ಮುಟ್ಟುತ್ತದೆ ಎಂದು ಆತನ ಅಭಿಪ್ರಾಯ. ಮೇಣದ ವಿಷಯದಲ್ಲಿ ಆತನು ಉದಾರನು: ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಒಳ್ಳೆಯ ಪಾಲಿಷುಗಳಲ್ಲಿರುವ ಕಾರ್ನೂಬಾ ಮೇಣವು ಬ್ರೆಜಿಲ್ ದೇಶದ ಒಂದು ತಾಳೆಯ ಜಾತಿಯ ಮರವು ತನ್ನ ಗರಿಗಳನ್ನು ಬಿಸಿಲಿನಿಂದ ಉಳಿಸಿಕೊಳ್ಳುವುದಕ್ಕೆ ಸುರಿಸುವ ಮೇಣವೇ. ಗರಿಯ ಕಾವಲು ತಗಡಿಗೂ ಆಗುತ್ತದೆ. ಕಡೆಯದಾಗಿ ಬಾಗಿಲಿನ ತಳದ ತೂತುಗಳು. ಇದನ್ನು ಆತನು ಎರಡು ಸಲ ಹೇಳಿದನು.

ಮಾಸ್ತರರು ವಿಧೇಯ ವಿದ್ಯಾರ್ಥಿಯಂತೆ ನಡೆದುಕೊಂಡರು. ಗಾಡಿಯು ಅಧಿಕಾರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಪ್ರತಿ ಅಮಾವಾಸ್ಯೆಗೆ ಒಂದು ಹಿಡಿಸೂಡಿಯ ಕಡ್ಡಿಯನ್ನು ಹಿಡಿದು ನಾಲ್ಕು ಬಾಗಿಲುಗಳ ತಳವನ್ನೂ ಅವರು ಚುಚ್ಚಿ ನೋಡುವುದನ್ನು ಕಂಡು ನೆರೆಯ ಮಕ್ಕಳು ನಗುತ್ತಾರೆ. ಪಿಯು ಬಣ್ಣಕ್ಕೂ ಡ್ಯೂಕೋಗೂ ನಡುವೆ ಉಳಿದ ಹಣವನ್ನು ಅವರು ಒಂದು ಲಕೋಟೆಯಲ್ಲಿಟ್ಟು ಶೆಡ್ಡಿಗೆ ಕೊಂಡೊಯ್ದರು. ಗಾಳಿಯ ಮುಸುಕಿಗೆ ಮೊದಲ ಕಂತು ಎಂದರು. ಆತನು ಲಕೋಟೆಯನ್ನು ಮುಟ್ಟಲಿಲ್ಲ. ಮುಸುಕೊಂದೇ ಆದರೆ ಹೇಗಾದರೂ ಕೊಳ್ಳಬಹುದು. ಗನ್ನಿಗೂ ಮುಸುಕಿಗೂ ಒಟ್ಟಿಗೆ ಗಾಳಿ ಕೊಡುವಷ್ಟು ಶಕ್ತಿ ಈ ಕಂಪ್ರೆಸರಿಗೆ ಇಲ್ಲ, ಉಸಿರಾಡುವ ಗಾಳಿಗೆ ಬೇರೆ ಸೋಸುಕವೂ ಬೇಕು ಎಂದು ವಿವರಿಸಿದನು. ಮಾಸ್ತರರು ಒಂದು ಹಳೆಯ ಪುಸ್ತಕದ ಬೆನ್ನಿನಲ್ಲಿ ದೊಡ್ಡ ಕಂಪ್ರೆಸರಿನ ಬೆಲೆ, ಮುಸುಕಿನ ಬೆಲೆ, ಸೋಸುಕದ ಬೆಲೆಗಳನ್ನು ಬರೆದು ಕೂಡಿಸಿ, ತಿಂಗಳಿಗೆ ಆರು ಗಾಡಿಯಂತೆ ಒಂದೊಂದಕ್ಕೆ ಎಷ್ಟು ಹೆಚ್ಚಿಗೆ ಕೇಳಿದರೆ ಎಷ್ಟು ತಿಂಗಳಲ್ಲಿ ತೀರುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಸೊನ್ನೆ ತೆಗೆದುಕೊಂಡಿದ್ದ ವಿದ್ಯಾರ್ಥಿಯು ಆ ಲೆಕ್ಕದಲ್ಲಿ ಒಂದು ತಪ್ಪನ್ನು ಹಿಡಿದನು: ಮಳೆಗಾಲದ ನಾಲ್ಕು ತಿಂಗಳು ಆರು ಗಾಡಿಗಳು ಬರುವುದಿಲ್ಲ.

ಅಂತೂ ನವರಾತ್ರಿಯ ಹೊತ್ತಿಗೆ ದೊಡ್ಡ ಕಂಪ್ರೆಸರನ್ನು ತರಬೇಕೆಂದು ಮಾತಾಗಿದೆ. ಅಲ್ಲಿಯವರೆಗೆ ಪಿಯು ಗಾಡಿ ಬಂದ ದಿನ ಹುಡುಗನು ಶೆಡ್ಡಿನ ಹೊರಗೆ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಹೆದ್ದಾರಿಯ ಆಚೆ ಬದಿಯ ಗೋಳಿಮರದ ಬುಡದಲ್ಲಿ ಕೂರುತ್ತಾನೆ. ಮಾಸ್ತರರ ಗಾಡಿ ಹೊರಟ ಮರುವಾರ ಅದೇ ಜಾಗದಲ್ಲಿ ಒಂದು ಕೆಂಪು ಗಾಡಿ ಬಂದು ನಿಂತಿತು. ಅದರ ಯಜಮಾನರಿಗೆ ಹತ್ತು ವರ್ಷ ಮಾಸದ ಹೊಳಪು ಬೇಕಾಗಿತ್ತು, ಮತ್ತು ಶುಕ್ರವಾರದೊಳಗೆ ಬೇಕಾಗಿತ್ತು.